ಹೆಣ್ಣಿಲಿಯ ಲೆಕ್ಕ ಯಾಕ ಬಿಟ್ರು?

ಇವತ್ತಿನ ವಿಷಯ ಇಲಿ. ನಗಬ್ಯಾಡ್ರಿ, ನೀವು ನುಂಗೋ ಗುಳಿಗಿಗೂ ಇದಕ್ಕೂ ಸಂಬಂಧ ಐತಿ.

ಗೋಕಾಕ ಬಸ್ ಸ್ಟ್ಯಾಂಡಿನಾಗ ಮೂಡಲಗಿ ಬಸ್ಸಿಗೆ ಕಾಯಾಕತ್ತೀರಿ ಅನ್ಕೊಳ್ರಿ. ರೀಲ್ಸ್ ನೋಡ್ತಾ ನಿಂತ್ರ ಅರ್ಧ ತಾಸು ಹೋಗಿದ್ದು ಗೊತ್ತಾಗೂದಿಲ್ಲ. ಸುಮ್ನ ನಿಂತ್ರ ಐದು ನಿಮಿಷಾನೂ ಮುಗಿಯೂದಿಲ್ಲ. ಅಂದ್ರ ತಲಿಯೊಳಗಿನ ಗಡಿಯಾರಕ್ಕೂ ಗಮನಕ್ಕೂ ನಂಟು ಐತಿ.

ಲ್ಯಾಬಿನಲ್ಲಿ ಇಲಿಯ ಗಡಿಯಾರವನ್ನ ಅಳೆಯೋದು ಹೀಗೆ. ಲೈಟ್ ಹತ್ತಿ, ಉದಾಹರಣೆಗೆ, 15 ಸೆಕೆಂಡ್ ಆದ ಮೇಲೆ ಒಂದು ತೂತಿಗೆ ಮೂಗು ತೂರಿಸಿದರೆ ತಿನಿಸು ಸಿಗುತ್ತದೆ. ಇಲಿ ಇದನ್ನ ಕಲಿತ ಮೇಲೆ, ಕೆಲವು ಸಲ ತಿನಿಸು ಕೊಡೋದೇ ಇಲ್ಲ. ಆಗ ಅದು ಯಾವ ಹೊತ್ತಿಗೆ ಹೆಚ್ಚು ಸಲ ಮೂಗು ತೂರಿಸುತ್ತದೋ, ಅದೇ ಅದರ ಅಂದಾಜು. ನಡುವೆ ಗಮನ ಕೆಡಿಸಿದರೆ ಆ ಅಂದಾಜು ತಡವಾಗುತ್ತದೆ.

ಗಂಡಿಲಿ, ಹೆಣ್ಣಿಲಿ ಇಬ್ಬರದೂ ಒಂದೇ ಗಡಿಯಾರನಾ? ಬಹಳ ವರ್ಷ ಹೆಚ್ಚಿನ ಲ್ಯಾಬ್‌ಗಳು ಕೇಳಲೇ ಇಲ್ಲ. ಬೀರಿ ಮತ್ತು ಝುಕರ್ ಅನ್ನೋ ವಿಜ್ಞಾನಿಗಳು 2011ರಲ್ಲಿ ಲೆಕ್ಕ ಹಾಕಿದರು. ನರವಿಜ್ಞಾನದಲ್ಲಿ ಹೆಣ್ಣು ಪ್ರಾಣಿಗಳ ಮೇಲಷ್ಟೇ ನಡೆದ ಒಂದು ಅಧ್ಯಯನಕ್ಕೆ ಎದುರಾಗಿ ಗಂಡಿನ ಮೇಲಷ್ಟೇ ನಡೆದವು 5.5! ಕೊಡ್ತಿದ್ದ ಕಾರಣ: ಹೆಣ್ಣಿಲಿಗೆ 4-5 ದಿನದ ಹಾರ್ಮೋನ್ ಚಕ್ರ ಇದೆ, ಫಲಿತಾಂಶ ಏರುಪೇರಾಗುತ್ತದೆ. ಆದರೆ 2014ರಲ್ಲಿ 293 ಪ್ರಬಂಧಗಳ ಅಂಕಿ ಸೇರಿಸಿ ನೋಡಿದಾಗ, ಹೆಣ್ಣಿಲಿಗಳ ಏರುಪೇರು ಗಂಡಿಗಿಂತ ಹೆಚ್ಚೇನೂ ಇರಲಿಲ್ಲ. ನಾನು ಕಾಮರ್ಸ್ ಓದಿದಾಂವ. ನನಗ ಇದು ಅರ್ಧ ಲೆಡ್ಜರ್ ನೋಡಿ ಬ್ಯಾಲೆನ್ಸ್ ಶೀಟಿಗೆ ಸಹಿ ಹಾಕಿದಂಗ ಕಾಣ್ತೈತಿ.

ಒಂದೇ ಲೆಕ್ಕ ಇಬ್ಬರಿಗೂ ಹಚ್ಚೋ ರೂಢಿಯಿಂದ ಏನಾಗುತ್ತೆ ನೋಡ್ರಿ. ಝೋಲ್ಪಿಡೆಮ್ ಅನ್ನೋ ನಿದ್ದೆ ಗುಳಿಗಿ ಅಮೆರಿಕದಲ್ಲಿ 1992ರಲ್ಲಿ ಬಂತು. ಹೆಂಗಸರ ಮೈಯಿಂದ ಅದು ನಿಧಾನವಾಗಿ ಇಳಿಯುತ್ತದೆ, ಮುಂಜಾನೆ ಗಾಡಿ ಓಡಿಸುವಾಗಲೂ ಮಂಪರು ಉಳಿಯಬಹುದು ಅಂತ, ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಹೆಂಗಸರ ಡೋಸ್ ಅನ್ನು 10ರಿಂದ 5 ಮಿಲಿಗ್ರಾಂಗೆ ಇಳಿಸಿದ್ದು 2013ರಲ್ಲಿ. ನಡುವೆ ಇಪ್ಪತ್ತು ವರ್ಷ! 2016ರಿಂದ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಪ್ರಾಣಿ ಸಂಶೋಧನೆಗೆ ದುಡ್ಡು ಕೇಳುವವರು ಗಂಡು-ಹೆಣ್ಣು ಎರಡನ್ನೂ ಲೆಕ್ಕಕ್ಕೆ ತಗೋಬೇಕು ಅಂತ ನಿಯಮ ತಂತು.

ಹಂಗಂತ "ಹೆಣ್ಣಿನ ಗಡಿಯಾರ ಸ್ಲೋ, ಗಂಡಿಂದು ಫಾಸ್ಟ್" ಅಂತ ವಾಟ್ಸಾಪ್ ಸ್ಟೇಟಸ್ ಹಾಕಬ್ಯಾಡ್ರಿ. ಇಲಿ ಬೇಗ ಮೂಗು ತೂರಿಸಿದ್ರ ಅದು ಗಡಿಯಾರದ ವ್ಯತ್ಯಾಸವೇ ಆಗಬೇಕಂತಿಲ್ಲ. ಹಸಿವು ಇರಬಹುದು, ಅವಸರ ಇರಬಹುದು. ಮನುಷ್ಯರಲ್ಲೂ ಅಷ್ಟೇ. ಕ್ಲಾಸಿನಲ್ಲಿ ಗದ್ದಲ ಮಾಡೋ ಹುಡುಗನ ಗಮನದ ಕೊರತೆ ಬೇಗ ಕಣ್ಣಿಗೆ ಬೀಳುತ್ತದೆ. ಹಿಂದಿನ ಬೆಂಚಿನಾಗ ಸುಮ್ನ ಕಿಟಕಿ ನೋಡ್ಕೋತ ಕೂತ ಹುಡುಗಿದು ಎಷ್ಟೋ ಸಲ ಬೀಳೋದೇ ಇಲ್ಲ. ನಿಮ್ಮ ಮನ್ಯಾಗ ಅಂಥಾ ತಂಗಿ ಇದ್ರ "ದಡ್ಡಿ" ಅನ್ನೂಕಿಂತ ಮೊದ್ಲ ಒಮ್ಮೆ ಡಾಕ್ಟರ್‌ಗೆ ತೋರಿಸ್ರಿ.