ನೀರಿನಡಿಯಲ್ಲಿ 35 ನಿಮಿಷ

(ಸುವರ್ಣ ಮಹೋತ್ಸವದ ಎರಡನೇ ದಿನ, ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನಾನು 2004ರಲ್ಲಿ ಈ ಶಾಲೆಯಿಂದ ಎಸ್.ಎಸ್.ಎಲ್.ಸಿ. ಮುಗಿಸಿದವನು. ಆಮೇಲೆ ಪಿ.ಯು.ಸಿ., ಬಿ.ಇ., ಬೆಂಗಳೂರಿನಲ್ಲಿ ಕೆಲಸ, ಈಗ ಕೆಲವು ವರ್ಷದಿಂದ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿದ್ದೇನೆ. ಮುಖ್ಯೋಪಾಧ್ಯಾಯರು ಫೋನ್ ಮಾಡಿ, "ಮಕ್ಕಳಿಗೆ ಸಾಫ್ಟ್‌ವೇರ್ ಎಂಜಿನಿಯರ್ ಆಗೋದು ಹೇಗೆ ಅಂತ ನಾಲ್ಕು ಮಾತು ಹೇಳಪ್ಪ" ಅಂದಿದ್ದರು. ಸರ್, ಕ್ಷಮಿಸಬೇಕು. ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಇವತ್ತು ಸಮುದ್ರದೊಳಗೆ ಮುಳುಗಿ ಎದ್ದು ಬಂದ ಕತೆ ಹೇಳುತ್ತೇನೆ. ಕೇಳಿದ ಮೇಲೆ ಯಾಕೆ ಹೇಳಿದೆ ಅಂತ ನಿಮಗೇ ಗೊತ್ತಾಗುತ್ತೆ.

ನಮ್ಮೂರಲ್ಲಿ ಹುಟ್ಟಿ ಬೆಳೆದ ನನಗೆ 34 ವರ್ಷದವರೆಗೆ ಈಜು ಬರುತ್ತಿರಲಿಲ್ಲ. ಕೆರೆ ಶಾಲೆಯಿಂದ ಕೂಗಳತೆ ದೂರ. ತೋಟಕ್ಕೊಂದು ಬಾವಿ. ನಮ್ಮಪ್ಪನ ಕಾಲದವರೆಲ್ಲ ಸೋರೆ ಬುರುಡೆ ಬೆನ್ನಿಗೆ ಕಟ್ಟಿಕೊಂಡು ಬಾವಿಗೆ ಧುಮುಕಿ ಈಜು ಕಲಿತವರು. ನಮಗೆ ಮಾತ್ರ ಯಾರೂ ಕಲಿಸಲಿಲ್ಲ. ಕಾರಣ ಈ ಸಭೆಯಲ್ಲಿರುವ ಹಿರಿಯರಿಗೆ ಗೊತ್ತು. ನಾವು ಎಂಟನೇ ಕ್ಲಾಸಿನಲ್ಲಿದ್ದಾಗ ನನ್ನ ಪಕ್ಕ, ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಗೆಳೆಯ ಕೆರೆಯಲ್ಲಿ ಹೋದ. ಅವನ ಹೆಸರು ನಾನು ಹೇಳುವುದಿಲ್ಲ. ಅವನ ತಾಯಿ ಇವತ್ತು ಇಲ್ಲೇ ಕೂತಿದ್ದಾರೆ. ನಿನ್ನೆ ಸಂಜೆ ಅವರ ಮನೆಗೆ ಹೋಗಿ, ಅಪ್ಪಣೆ ಕೇಳಿಯೇ ಈ ಮಾತು ಎತ್ತುತ್ತಿದ್ದೇನೆ.

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಮೂರು ಜನ ಕೆರೆಗೆ ಹೋಗಿದ್ದೆವು. ನೀರು ಸೊಂಟದ ಮಟ್ಟ ಇತ್ತು. ಆದರೆ ಅದರ ಹಿಂದಿನ ಬೇಸಿಗೆಯಲ್ಲಿ ಇಟ್ಟಿಗೆ ಗೂಡಿಗೆ ಅಂತ ಮಣ್ಣು ತೆಗೆದ ಗುಂಡಿಗಳು ನೀರಿನ ಕೆಳಗೆ ಹಾಗೇ ಇದ್ದವು. ಅವನು ನಾಲ್ಕು ಹೆಜ್ಜೆ ಮುಂದೆ ಇಟ್ಟ, ಅಷ್ಟೇ. ಸಿನಿಮಾದಲ್ಲಿ ತೋರಿಸುವ ಹಾಗೆ ಕೂಗಲಿಲ್ಲ, ಕೈ ಬಡಿಯಲಿಲ್ಲ. ಮುಳುಗುವವರು ಹೆಚ್ಚಾಗಿ ಕೂಗುವುದಿಲ್ಲ. ಉಸಿರಿಗೇ ಒದ್ದಾಡುವಾಗ ಕೂಗಲು ಉಸಿರೆಲ್ಲಿರುತ್ತೆ? ಇದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ. ಆವತ್ತು ನಾವಿಬ್ಬರು, ಇವನು ಆಟ ಆಡುತ್ತಿದ್ದಾನೆ, ಈಗ ಏಳುತ್ತಾನೆ ಅಂತ ದಡದಲ್ಲಿ ನಿಂತು ನೋಡಿದೆವು. ಆಮೇಲೆ ಊರಿಗೆ ಓಡಿದೆವು. ಏರಿಯ ಮೇಲೆ ಒಂದು ಹಗ್ಗ ಇರಲಿಲ್ಲ, ಒಂದು ಗಳ ಇರಲಿಲ್ಲ.

ಅವತ್ತಿನಿಂದ ಊರಿನ ಎಲ್ಲ ಮನೆಗಳಲ್ಲೂ ಒಂದೇ ಮಾತು: "ಕೆರೆ ಕಡೆ ಹೋದ್ರೆ ಕಾಲು ಮುರೀತೀನಿ." ಅಮ್ಮಂದಿರ ಹೆದರಿಕೆ ನನಗೆ ಅರ್ಥವಾಗುತ್ತೆ. ಆದರೆ ಅದರಿಂದ ಆಗಿದ್ದೇನು ಅಂದರೆ, ಒಂದು ತಲೆಮಾರಿನ ಮಕ್ಕಳು ನೀರಿನ ಪಕ್ಕದಲ್ಲೇ ಬೆಳೆದೂ ಈಜು ಬಾರದವರಾದೆವು. ಅದರಲ್ಲಿ ನಾನೂ ಒಬ್ಬ. ಹಾಸ್ಟೆಲಿನಲ್ಲಿದ್ದಾಗ ಗೆಳೆಯರು ಹೊಳೆಗೆ ಹೋದರೆ ಬಟ್ಟೆ ಕಾಯುವ ಕೆಲಸ ನನ್ನದು.

ಟೆಕ್ಸಾಸಿನಲ್ಲಿ ಮಗಳನ್ನು ಈಜು ಕಲಿಯಲು ಸೇರಿಸಿದೆವು. ಅವಳಿಗೆ ಆಗ ಐದು ವರ್ಷ. ಅವಳು ನೀರಿನಲ್ಲಿ ಮುಖ ಮುಳುಗಿಸಿದಾಗಲೆಲ್ಲ ನಾನು ಬೆಂಚಿನಿಂದ ಎದ್ದು ನಿಲ್ಲುತ್ತಿದ್ದೆ. ಒಂದು ದಿನ ಅಲ್ಲಿನ ಟೀಚರಮ್ಮ, "ನೀವು ಎದ್ದು ನಿಂತರೆ ಅವಳು ಹೆದರುತ್ತಾಳೆ. ನೀವೂ ಯಾಕೆ ಕಲಿಯಬಾರದು?" ಅಂದರು. ನಾಚಿಕೆ ಬಿಟ್ಟು ಸೇರಿದೆ. ನನ್ನ ಬ್ಯಾಚಿನಲ್ಲಿ 70 ದಾಟಿದ ಒಬ್ಬ ಅಜ್ಜಿಯೂ ಇದ್ದರು, ನನಗಿಂತ ಬೇಗ ಕಲಿತರು. ಒಂದು ವರ್ಷ ಒದ್ದಾಡಿ 25 ಮೀಟರ್ ಈಜುವ ಮಟ್ಟಕ್ಕೆ ಬಂದೆ. ಅದೂ ಏದುಸಿರು ಬಿಡುತ್ತ.

ಮಾರನೆಯ ವರ್ಷ ಡಿಸೆಂಬರ್ ರಜೆಯಲ್ಲಿ ಸಂಸಾರ ಸಮೇತ ಕ್ರೂಸ್ ಹೋದೆವು. ಕ್ರೂಸ್ ಅಂದರೆ ಪ್ರವಾಸಿಗಳ ಹಡಗು. ನಮ್ಮೂರಿನ ಜನ ಎಲ್ಲ ಹತ್ತಿದರೂ ಇನ್ನೂ ಜಾಗ ಮಿಗುವಷ್ಟು ದೊಡ್ಡದು. ಟೆಕ್ಸಾಸಿನ ಗ್ಯಾಲ್ವೆಸ್ಟನ್ ಬಂದರಿನಿಂದ ಹೊರಟು, ಒಂದು ಇಡೀ ದಿನ ನೀರು ಬಿಟ್ಟರೆ ಬೇರೇನೂ ಕಾಣದೆ ಸಾಗಿ, ಮೂರನೇ ದಿನ ಮೆಕ್ಸಿಕೋ ದೇಶದ ಕೊಸುಮೆಲ್ ಅನ್ನುವ ದ್ವೀಪಕ್ಕೆ ಮುಟ್ಟಿದೆವು. ಹಡಗಿನ ಊಟ, ಆಟ, ಕುಣಿತ ಇವನ್ನೆಲ್ಲ ವರ್ಣಿಸಿದರೆ ಮಕ್ಕಳಿಗೆ ಇನ್ನೂ ಹಸಿವಾಗುತ್ತೆ, ಬಿಡಿ. ಮೂರು ಹೊತ್ತು ಅಷ್ಟು ಬಗೆ ಇಟ್ಟಿದ್ದರೂ ನಾನು ಉಪ್ಪಿನಕಾಯಿ ಬಾಟಲಿ ಒಯ್ದಿದ್ದೆ ಅಂತ ಮಾತ್ರ ಹೇಳುತ್ತೇನೆ.

ಕೊಸುಮೆಲ್ ಸುತ್ತ ಸಮುದ್ರದಲ್ಲಿ ಹವಳದ ದಿಬ್ಬಗಳಿವೆ. ಮೆಕ್ಸಿಕೋದಿಂದ ಬೆಲೀಜ್, ಗ್ವಾಟೆಮಾಲಾ ದಾಟಿ ಹೊಂಡುರಾಸ್‌ವರೆಗೆ ಸುಮಾರು 1,000 ಕಿಲೋಮೀಟರ್ ಹಬ್ಬಿರುವ ಹವಳದ ಸಾಲಿನ ಒಂದು ತುಂಡು ಅದು. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಬಿಟ್ಟರೆ ಪ್ರಪಂಚದಲ್ಲಿ ಅದೇ ದೊಡ್ಡದು. ಹಡಗಿನಿಂದ ಇಳಿದವರು ಅಲ್ಲಿ ಸ್ಕೂಬಾ ಡೈವಿಂಗ್ ಮಾಡುತ್ತಾರೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ನೀರಿನಡಿಯಲ್ಲೇ ಉಸಿರಾಡುತ್ತ ಈಜುವುದು. ಹೆಂಡತಿ ಸುಮ್ಮನೆ ತಮಾಷೆಗೆ, "ನೀವೂ ಹೋಗ್ತೀರಾ?" ಅಂದಳು. "ಹ್ಞೂಂ" ಅಂದುಬಿಟ್ಟೆ. ಅಂದ ಮೇಲೆ ರಾತ್ರಿಯೆಲ್ಲ ನಿದ್ದೆ ಇಲ್ಲ.

ಬೆಳಿಗ್ಗೆ ಮೊದಲು ಒಂದು ಫಾರಂ ಕೊಟ್ಟರು. ಆಸ್ತಮಾ ಇದೆಯಾ, ಹೃದಯದ ತೊಂದರೆ ಇದೆಯಾ, ಕಿವಿಯ ಆಪರೇಷನ್ ಆಗಿದೆಯಾ ಅಂತ. ಅದರಲ್ಲಿ ಸುಳ್ಳು ಬರೆದರೆ ಮೋಸ ಹೋಗುವವರು ನಾವೇ. ನಮ್ಮ ಇನ್‌ಸ್ಟ್ರಕ್ಟರ್ ಆ ಊರಿನವರೇ, ಐವತ್ತರ ಆಸುಪಾಸಿನ ಮನುಷ್ಯ. ಅವರ ಮಾತು ಸ್ಪ್ಯಾನಿಷ್, ಇಂಗ್ಲಿಷ್ ಅಷ್ಟಕ್ಕಷ್ಟೇ. ಅರ್ಧ ಗಂಟೆ ಪಾಠ ಮಾಡಿದರು. ಆ ಪಾಠದ ಮೊದಲನೇ ನಿಯಮ: ನೀರಿನಡಿಯಲ್ಲಿ ಯಾವ ಕಾರಣಕ್ಕೂ ಉಸಿರು ಹಿಡಿಯಬಾರದು.

ನನಗೆ ತಕ್ಷಣ ನಮ್ಮ ವಿಜ್ಞಾನದ ಮೇಷ್ಟ್ರು ನೆನಪಾದರು. ಸರ್, ನೀವು ಸೈಕಲ್ ಪಂಪ್ ತಂದು, ತುದಿಯನ್ನು ಬೆರಳಿನಿಂದ ಮುಚ್ಚಿ ಒತ್ತಲು ಹೇಳಿ ಬಾಯ್ಲ್‌ನ ನಿಯಮ ಕಲಿಸಿದ್ದಿರಿ. ಒತ್ತಡ ಎರಡರಷ್ಟಾದರೆ ಗಾಳಿಯ ಗಾತ್ರ ಅರ್ಧವಾಗುತ್ತೆ. 1662ರಲ್ಲಿ ಬಾಯ್ಲ್ ಬರೆದ ಆ ಒಂದು ಸಾಲಿನ ಮೇಲೆ ಇಡೀ ಸ್ಕೂಬಾ ನಿಂತಿದೆ. ನೀರಿನಲ್ಲಿ 10 ಮೀಟರ್ ಇಳಿದರೆ ಮೈಮೇಲಿನ ಒತ್ತಡ ದಡದಲ್ಲಿರುವುದರ ಎರಡರಷ್ಟು. ಅಲ್ಲಿ ಎದೆ ತುಂಬ ಗಾಳಿ ಎಳೆದು ಉಸಿರು ಹಿಡಿದು ಮೇಲೆ ಬಂದರೆ, ಆ ಗಾಳಿ ಎರಡರಷ್ಟು ಹಿಗ್ಗಿ ಶ್ವಾಸಕೋಶವೇ ಹರಿಯಬಹುದು. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆದ ಉತ್ತರ, ಮಕ್ಕಳೇ, ಅಲ್ಲಿ ಜೀವದ ಪ್ರಶ್ನೆ.

ಸಿಲಿಂಡರಿನಲ್ಲಿ ಆಮ್ಲಜನಕ ತುಂಬಿರುತ್ತೆ ಅಂತ ಬಹಳ ಜನ ತಿಳಿದಿದ್ದಾರೆ, ನಾನೂ ಹಾಗೇ ಅಂದುಕೊಂಡಿದ್ದೆ. ಅಲ್ಲ, ನಾವು ಉಸಿರಾಡುವ ಈ ಮಾಮೂಲಿ ಗಾಳಿಯೇ. ನಮ್ಮ ಬಿಂದಿಗೆಗಿಂತ ಚಿಕ್ಕ ಜಾಗದಲ್ಲಿ, 11 ಲೀಟರ್ ಹಿಡಿಯುವ ಸಿಲಿಂಡರಿನಲ್ಲಿ, 200 ಪಟ್ಟು ಒತ್ತಿ ಸುಮಾರು 2,200 ಲೀಟರ್ ಗಾಳಿ ತುಂಬಿರುತ್ತಾರೆ. ಅಷ್ಟು ಒತ್ತಡದ ಗಾಳಿ ನೇರವಾಗಿ ಬಾಯಿಗೆ ಬಂದರೆ ಗತಿ ಏನು? ಅದಕ್ಕೇ ರೆಗ್ಯುಲೇಟರ್ ಇರುವುದು. ಎಳೆದಾಗ ಮಾತ್ರ, ಬೇಕಾದ ಒತ್ತಡದಲ್ಲಿ, ಬೇಕಾದಷ್ಟೇ ಗಾಳಿ ಬಿಡುವ ಕವಾಟ. 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ಟೋ ಮತ್ತು ಎಮಿಲ್ ಗಾನ್ಯಾನ್ ಅದನ್ನು ರೂಪಿಸಿದರು. ಗಾನ್ಯಾನ್ ಒಬ್ಬ ಎಂಜಿನಿಯರ್. ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದೆ ಗ್ಯಾಸಿನಲ್ಲಿ ಕಾರು ಓಡಿಸಲು ಒಂದು ಕವಾಟ ಮಾಡಿದ್ದರಂತೆ, ಅದನ್ನೇ ನೀರಿಗೆ ಒಗ್ಗಿಸಿದರು. ಇಂಥ ಕೆಲಸ ಕಂಡರೆ ನನಗೆ ಹೊಟ್ಟೆಕಿಚ್ಚು.

ಸರಿ, ಸೊಂಟಕ್ಕೆ ಸೀಸದ ತೂಕ, ಗಾಳಿ ತುಂಬುವ ಜಾಕೆಟ್, ಕಾಲಿಗೆ ಬಾತುಕೋಳಿಯಂಥ ಪಾದ, ಮುಖಕ್ಕೆ ಮಾಸ್ಕ್. ಮೊದಲು ಎದೆಮಟ್ಟದ ನೀರಿನಲ್ಲಿ ಅಭ್ಯಾಸ. ಮಂಡಿಯೂರಿ ಕೂತು ತಲೆ ಮುಳುಗಿಸಿದೆ. ಮೂರು ಉಸಿರು ಎಳೆದೆ. ನಾಲ್ಕನೆಯದು ಬರಲಿಲ್ಲ. ಗಾಳಿ ಇತ್ತು, ನನಗೇ ಎಳೆಯಲಾಗಲಿಲ್ಲ. ಕಣ್ಣ ಮುಂದೆ ನಮ್ಮ ಕೆರೆಯ ಕೆಮ್ಮಣ್ಣಿನ ನೀರು. ಥಟ್ಟನೆ ಎದ್ದು ನಿಂತು ಬಾಯಿಯದನ್ನು ಕಿತ್ತೆಸೆದೆ. ಕೈ ನಡುಗುತ್ತಿತ್ತು. "ನನ್ನ ಕೈಲಿ ಆಗಲ್ಲ, ದುಡ್ಡು ಹೋದರೆ ಹೋಗಲಿ" ಅಂದೆ.

ಆ ಮನುಷ್ಯ ನಗಲಿಲ್ಲ, ಗದರಲಿಲ್ಲ. ನನ್ನ ಮುಂದೆ ಬಂದು ನಿಂತು, ತನ್ನ ಎದೆಯ ಮೇಲೆ ಕೈ ಇಟ್ಟುಕೊಂಡು, "ಡೆಸ್ಪಾಸಿಯೋ" ಅಂದರು. ಹಾಗಂದರೆ "ನಿಧಾನ" ಅಂತ. ಆಮೇಲೆ ನನ್ನ ಎರಡೂ ಕೈ ಹಿಡಿದುಕೊಂಡರು. ಮತ್ತೆ ಕೂತೆವು. ಅವರು ಉಸಿರು ಬಿಟ್ಟಾಗ ಗುಳ್ಳೆ ಮೇಲೇಳುತ್ತಿತ್ತು, ಅದನ್ನು ನೋಡಿ ನಾನೂ ಬಿಟ್ಟೆ. ಐದು ನಿಮಿಷ ಏನೂ ಮಾಡದೆ ಬರೀ ಉಸಿರಾಡಿದೆವು. ಎರಡು ಮಗ್ಗಿ ಹೇಳುವಷ್ಟು ಹೊತ್ತಿನಲ್ಲಿ ಕೈ ನಡುಕ ನಿಂತಿತು. ನಿಜವಾಗಿಯೂ ಮನಸ್ಸಿನಲ್ಲಿ ಮಗ್ಗಿ ಹೇಳಿಕೊಂಡೆ, ಹದಿಮೂರರದ್ದು.

ಆಮೇಲೆ ಇಳಿಜಾರಿನಲ್ಲಿ ಕೆಳಕ್ಕೆ. ಎರಡು ಮೀಟರ್ ಇಳಿಯುತ್ತಲೇ ಕಿವಿಯಲ್ಲಿ ಸೂಜಿ ಚುಚ್ಚಿದಂತಾಯಿತು. ಘಾಟಿಯಲ್ಲಿ ಬಸ್ ಇಳಿಯುವಾಗ ಆಗುತ್ತಲ್ಲ, ಅದರ ಹತ್ತರಷ್ಟು. ಮೂಗು ಹಿಡಿದು ಮೆಲ್ಲಗೆ ಊದಬೇಕು, ಕಿವಿ ಬಿಟ್ಟುಕೊಳ್ಳುತ್ತೆ. ಎಡಗಿವಿ ಮೊಂಡು ಹಿಡಿಯಿತು. ಸ್ವಲ್ಪ ಮೇಲೆ ಹೋಗಿ ಮತ್ತೆ ಊದಿ ಇಳಿದೆವು. ಇನ್ನೊಂದು ಫಜೀತಿ ಹೇಳಬೇಕು. ಇನ್‌ಸ್ಟ್ರಕ್ಟರ್ "ಚೆನ್ನಾಗಿದ್ದೀಯಾ?" ಅಂತ ಸನ್ನೆಯಲ್ಲಿ ಕೇಳಿದರು. ನಾನು ಖುಷಿಯಿಂದ ಹೆಬ್ಬೆರಳು ಎತ್ತಿ ತೋರಿಸಿದೆ. ನೀರಿನಡಿಯಲ್ಲಿ ಹೆಬ್ಬೆರಳು ಎತ್ತಿದರೆ "ಮೇಲೆ ಹೋಗೋಣ" ಅಂತ ಅರ್ಥ! ಪಾಪ, ಅವರು ನನ್ನ ಜಾಕೆಟ್ ಹಿಡಿದು ಮೇಲಕ್ಕೆ ಹೊರಟೇಬಿಟ್ಟರು. ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡಿದರೆ "ಚೆನ್ನಾಗಿದ್ದೇನೆ" ಅಂತ. ಪಾಠ ಕೇಳುವಾಗ ಗಮನ ಬೇರೆಲ್ಲೋ ಇತ್ತು. ಈ ಅಭ್ಯಾಸ ನನ್ನ ಗುರುಗಳಿಗೆ ಹೊಸದಲ್ಲ.

ಒಂಬತ್ತು ಮೀಟರ್ ಆಳದವರೆಗೆ ಹೋದೆವು. ಹೊಸಬರನ್ನು 12 ಮೀಟರ್‌ಗಿಂತ ಕೆಳಗೆ ಬಿಡುವುದಿಲ್ಲ. ನೀರು ಎಷ್ಟು ತಿಳಿ ಅಂದರೆ ಶಾಲೆಯ ಈ ಗೋಡೆಯಿಂದ ಆ ಕಾಂಪೌಂಡಿನವರೆಗೆ ಕಾಣುವಷ್ಟು. ಬೀಸಣಿಗೆಯ ಹಾಗೆ ಅಲ್ಲಾಡುವ ಹವಳ, ಹಿಂಡುಹಿಂಡಾಗಿ ನಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಹೋಗುವ ಮೀನು. ಒಂದು ಕಡಲಾಮೆ ನನ್ನ ಪಕ್ಕದಲ್ಲೇ ಸಾಗಿತು. ಅದರ ಮುಖ ನೋಡಿದರೆ ನಮ್ಮೂರ ಪಟೇಲರ ಕಟ್ಟೆಯ ಮೇಲೆ ಕೂರುವ ತಾತಂದಿರ ನೆನಪು. ಯಾವ ಅವಸರವೂ ಇಲ್ಲ. ಶಬ್ದ ಇಲ್ಲ, ನನ್ನ ಉಸಿರೊಂದೇ ಕೇಳುತ್ತಿತ್ತು. ಜಾತ್ರೆಯಲ್ಲಿ ಅಮ್ಮ ಕಟ್ಟಿದ್ದ ಕೆಂಪು ದಾರ ಕೈಯಲ್ಲಿತ್ತು. ನೋಡುತ್ತೇನೆ, ಅದು ಬೂದಿ ಬಣ್ಣ! ನೀರು ಬೆಳಕಿನಲ್ಲಿ ಕೆಂಪನ್ನೇ ಮೊದಲು ನುಂಗುತ್ತೆ. ಮೇಲೆ ಬಂದರೆ ಮತ್ತೆ ಕೆಂಪು.

ಎಲ್ಲವೂ ಇರುವುದಕ್ಕಿಂತ ದೊಡ್ಡದಾಗಿ, ಹತ್ತಿರದಲ್ಲಿ ಕಾಣುತ್ತಿತ್ತು. ಕೈ ಚಾಚಿದರೆ ಸಿಗುವುದಿಲ್ಲ. ಇದೂ ಮೇಷ್ಟ್ರು ಹೇಳಿದ್ದೇ. ಪಾತ್ರೆಯಲ್ಲಿ ನಾಣ್ಯ ಹಾಕಿ ನೀರು ತುಂಬಿದರೆ ನಾಣ್ಯ ಮೇಲೆದ್ದಂತೆ ಕಾಣುವ ಪ್ರಯೋಗ. ದಡದಲ್ಲಿ ನಿಂತು ನೆಟ್ಟಗೆ ಕೆಳಗೆ ನೋಡಿದರೆ ನೀರಿನ ಆಳ ಮುಕ್ಕಾಲು ಭಾಗ ಮಾತ್ರ ಕಾಣುತ್ತೆ. ಎಂಟು ಅಡಿ ಇದ್ದರೆ ಆರು ಅಡಿ ಅನ್ನಿಸುತ್ತೆ. ತಿಳಿನೀರಿನ ಬಾವಿಯಲ್ಲಿ ಎಷ್ಟು ಮಕ್ಕಳು ಈ ಲೆಕ್ಕ ತಪ್ಪಿ ಇಳಿದಿದ್ದಾರೋ. ರಾಡಿ ನೀರಿನ ಕೆರೆಯಲ್ಲಂತೂ ತಳವೇ ಕಾಣುವುದಿಲ್ಲ.

35 ನಿಮಿಷ ಆದ ಮೇಲೆ ಮೇಲೆ ಬಂದೆವು. ಮಗಳು ದಡದಲ್ಲಿ ಮರಳಾಡುತ್ತಿದ್ದಳು. ಹತ್ತು ವರ್ಷ ತುಂಬದವರನ್ನು ಇದಕ್ಕೆ ಸೇರಿಸುವುದಿಲ್ಲ. "ಅಪ್ಪಾ, ಅಳ್ತಿದೀಯಾ?" ಅಂದಳು. ಉಪ್ಪು ನೀರು ಅಂದೆ.

ಇದನ್ನು ಮಾಡಲು ಮೆಕ್ಸಿಕೋಗೇ ಹೋಗಬೇಕಿಲ್ಲ, ನಮ್ಮ ಮುರುಡೇಶ್ವರದ ಹತ್ತಿರ ನೇತ್ರಾಣಿ ದ್ವೀಪದಲ್ಲೂ ಮಾಡಿಸುತ್ತಾರೆ. ಆದರೆ ನಾನು ಹೇಳಲು ಬಂದಿದ್ದು ಸ್ಕೂಬಾ ಮಾಡಿ ಅಂತಲೂ ಅಲ್ಲ.

ನಿನ್ನೆ ಗೆಳೆಯನ ಮನೆಗೆ ಹೋಗಿದ್ದೆ ಅಂದೆನಲ್ಲ. ಅವರಮ್ಮ ಕಾಫಿ ಕೊಟ್ಟು, ಎಲ್ಲ ಕೇಳಿಸಿಕೊಂಡು, ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು. "ಒಳಗಡೆ ಬೆಳಕು ಇರ್ತದೇನಪ್ಪಾ?" ಇರುತ್ತಮ್ಮ ಅಂದೆ. ನಾನು ಹೋದ ಕಡೆ ಇತ್ತು. ನಮ್ಮ ಕೆರೆಯ ಮಾತು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೊರಡುವಾಗ ಅವರು, "ಹುಡುಗರಿಗೆ ಕಲಿಸ್ರಪ್ಪ, ಹೆದರಿಸಬ್ಯಾಡ್ರಿ" ಅಂದರು. ಈ ಮಾತು ಬಂದಿದ್ದು ಅವರ ಬಾಯಿಂದ. ಬೇರೆ ಯಾರು ಹೇಳಿದ್ದರೂ ನಾನು ಇಲ್ಲಿ ಎತ್ತುತ್ತಿರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2021ರಲ್ಲಿ ಪ್ರಪಂಚದಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತಿದ್ದಾರೆ. ನಮ್ಮ ಕಡೆ ಈಗ ಕೆರೆ ಬಾವಿ ಜೊತೆಗೆ ಕೃಷಿ ಹೊಂಡ ಬೇರೆ. ಟಾರ್ಪಾಲು ಹಾಸಿದ ಹೊಂಡದಲ್ಲಿ ಬಿದ್ದರೆ ಈಜು ಬರುವವನೂ ಜಾರಿ ಜಾರಿ ಮೇಲೆ ಹತ್ತಲಾರ. ಸುತ್ತ ಬೇಲಿ, ಒಳಗೆ ಇಳಿಬಿಟ್ಟ ಒಂದು ಗಂಟುಹಾಕಿದ ಹಗ್ಗ, ಇಷ್ಟಿದ್ದರೆ ಜೀವ ಉಳಿಯುತ್ತೆ. ಹೊಂಡ ತೆಗೆಸಿದ ರೈತರು ದಯವಿಟ್ಟು ಈ ವಾರವೇ ಕಟ್ಟಿ. ಮಕ್ಕಳೇ, ಯಾರಾದರೂ ಮುಳುಗುತ್ತಿದ್ದರೆ ನೀವು ಹಾರಬೇಡಿ. ಹಗ್ಗ, ಗಳ, ಸೀರೆ, ಖಾಲಿ ಕ್ಯಾನು, ಏನು ಸಿಗುತ್ತೋ ಅದನ್ನು ಎಸೆಯಿರಿ, ದೊಡ್ಡವರನ್ನು ಕೂಗಿ. ಒಬ್ಬರನ್ನು ಉಳಿಸಲು ಹೋಗಿ ಮೂರು ಮೂರು ಜನ ಹೋದ ಸುದ್ದಿ ಪೇಪರಿನಲ್ಲಿ ನೋಡುತ್ತಲೇ ಇದ್ದೇವೆ.

ನಮ್ಮ 2004ರ ಬ್ಯಾಚಿನವರು ಸೇರಿ ಸ್ವಲ್ಪ ದುಡ್ಡು ಕೂಡಿಸಿದ್ದೇವೆ. ಕೆರೆ ಏರಿಯ ಮೇಲೆ ಮೂರು ಕಡೆ ಕಂಬ ನೆಟ್ಟು, ಒಂದೊಂದರಲ್ಲೂ ಉದ್ದನೆಯ ಹಗ್ಗ ಮತ್ತು ಗಾಳಿ ತುಂಬಿದ ಟ್ಯೂಬು ಇಡುತ್ತೇವೆ. ಪಂಚಾಯ್ತಿಯವರು ಒಪ್ಪಿದ್ದಾರೆ. ದಯವಿಟ್ಟು ಆ ಹಗ್ಗವನ್ನು ಎಮ್ಮೆ ಕಟ್ಟಲು ಬಿಚ್ಚಿಕೊಂಡು ಹೋಗಬೇಡಿ. ಮಣ್ಣು ತೆಗೆದ ಗುಂಡಿಗಳನ್ನು ಬೇಸಿಗೆಯಲ್ಲೇ ಮಟ್ಟ ಮಾಡಿಸಬೇಕು ಅಂತ ಅರ್ಜಿಯನ್ನೂ ಕೊಟ್ಟಿದ್ದೇವೆ, ಅದಕ್ಕೆ ಹಿರಿಯರ ಸಹಿ ಬೇಕು.

ನಮ್ಮ ಬ್ಯಾಚಿನ ಒಬ್ಬ ಈಗ ಅಗ್ನಿಶಾಮಕ ದಳದಲ್ಲಿದ್ದಾನೆ. ಏಪ್ರಿಲ್ ರಜೆಯಲ್ಲಿ ಎರಡು ವಾರ ಅವನೇ ಬಂದು ಈಜು ಕಲಿಸುತ್ತಾನೆ. ಇನ್ನೊಬ್ಬ ಗೆಳೆಯನ ತೋಟದ ದೊಡ್ಡ ತೊಟ್ಟಿಯಲ್ಲಿ, ನಾಲ್ಕೇ ಅಡಿ ನೀರಿನಲ್ಲಿ. ಹೆಣ್ಣುಮಕ್ಕಳಿಗೆ ಬೇರೆ ಹೊತ್ತು, ಟೀಚರ್ ಜೊತೆಗಿರುತ್ತಾರೆ. ನಾನೂ ರಜೆ ಹಾಕಿ ಬರುತ್ತೇನೆ, ಕಲಿಸಲು ಅಲ್ಲ, ದಡದಲ್ಲಿ ಹಗ್ಗ ಹಿಡಿದು ನಿಲ್ಲಲು. ಹೆಸರು ಕೊಡುವವರು ಮನೆಯವರ ಸಹಿ ಹಾಕಿಸಿ ಪಿ.ಟಿ. ಮೇಷ್ಟ್ರ ಹತ್ತಿರ ಶನಿವಾರದೊಳಗೆ ಕೊಡಿ. ಟವೆಲ್ ನೀವೇ ತರಬೇಕು.