ಹೆಸರಿಲ್ಲದ ಪದಕ, ಹೆಸರಿದ್ದ ಸೈನಿಕ

(ಉಪನ್ಯಾಸದ ಬರಹ ರೂಪ)



ಹಳೆಯ ವಸ್ತುಗಳ ಅಂಗಡಿಯೊಂದರ ಗಾಜಿನ ಪೆಟ್ಟಿಗೆಯಲ್ಲಿ ಎರಡು ಪದಕಗಳು ಅಕ್ಕಪಕ್ಕದಲ್ಲಿವೆ ಎಂದುಕೊಳ್ಳಿ. ಎರಡೂ ಮೊದಲನೆಯ ಮಹಾಯುದ್ಧದ ಕಾಲದವು. ಒಂದು ಬ್ರಿಟಿಷ್ ಸರ್ಕಾರ ಕೊಟ್ಟದ್ದು, ಇನ್ನೊಂದು ಜರ್ಮನಿಯ ‘ಐರನ್ ಕ್ರಾಸ್’, ಅಂದರೆ ಕಬ್ಬಿಣದ ಶಿಲುಬೆ. ಬ್ರಿಟಿಷ್ ಪದಕದ ಅಂಚನ್ನು ಬೆಳಕಿಗೆ ಹಿಡಿದರೆ ಸಣ್ಣ ಅಕ್ಷರಗಳು ಕಾಣುತ್ತವೆ: ಸೈನಿಕನ ಸಂಖ್ಯೆ, ದರ್ಜೆ, ಹೆಸರು, ದಳ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಸವಾರರೂ ಇದ್ದರಷ್ಟೆ. ಆ ಯುದ್ಧದಲ್ಲಿ ಭಾರತೀಯ ಸೈನಿಕರಿಗೆ ಸಂದ ಪದಕಗಳಿಗೂ ಇದೇ ಪದ್ಧತಿ. ನೂರು ವರ್ಷದ ಮೇಲೆ ಪದಕ ಗುಜರಿ ಸೇರಿದರೂ ಹೆಸರು ಅದರ ಮೈಮೇಲೆಯೇ ಉಳಿದಿರುತ್ತದೆ.

ಈಗ ಜರ್ಮನ್ ಪದಕವನ್ನು ತಿರುಗಿಸಿ ನೋಡಿ. ಒಂದು ಬದಿಯಲ್ಲಿ ಕಿರೀಟ, ಚಕ್ರವರ್ತಿಯ ಹೆಸರಿನ ಮೊದಲಕ್ಷರ, ಕೆಳಗೆ 1914 ಎಂಬ ವರ್ಷ. ಇನ್ನೊಂದು ಬದಿಯಲ್ಲಿ ಓಕ್ ಎಲೆಗಳು, 1813 ಎಂಬ ವರ್ಷ. ಅಷ್ಟೆ. ಅದನ್ನು ಎದೆಯ ಮೇಲೆ ಧರಿಸಿದವನು ಯಾರು, ಯಾವ ಊರಿನವನು, ಬದುಕಿ ಬಂದನೋ ಇಲ್ಲವೋ, ಯಾವುದನ್ನೂ ಅದು ಹೇಳುವುದಿಲ್ಲ. ಇಂಥ ಮೂಕ ಲೋಹದಿಂದ ಅದರ ಒಡೆಯನನ್ನು ಹುಡುಕಿ ತೆಗೆಯುವುದು ಹೇಗೆ? ಮತ್ತು ಹುಡುಕಲೇಬೇಕೇ? ಈ ಎರಡು ಪ್ರಶ್ನೆಗಳೇ ಇಂದಿನ ವಿಷಯ.

ಕಬ್ಬಿಣದ ಶಿಲುಬೆಯನ್ನು ಸ್ಥಾಪಿಸಿದವನು ಪ್ರಷ್ಯಾದ ದೊರೆ ಮೂರನೆಯ ಫ್ರೆಡರಿಕ್ ವಿಲಿಯಂ. ನೆಪೋಲಿಯನ್ನನ ವಿರುದ್ಧ ಯುದ್ಧಕ್ಕೆ ಹೊರಟ 1813ರಲ್ಲಿ, ಆ ಹೊತ್ತಿಗೆ ತೀರಿಕೊಂಡಿದ್ದ ರಾಣಿ ಲೂಯಿಸಳ ಹುಟ್ಟುಹಬ್ಬವಾದ ಮಾರ್ಚ್ 10ನ್ನೇ ಅದರ ಸ್ಥಾಪನೆಯ ದಿನವಾಗಿ ನಮೂದಿಸಲಾಯಿತು. ವಿನ್ಯಾಸಕ್ಕೆ ರೂಪ ಕೊಟ್ಟವನು ಹೆಸರಾಂತ ವಾಸ್ತುಶಿಲ್ಪಿ ಕಾರ್ಲ್ ಫ್ರೀಡ್ರಿಕ್ ಶಿಂಕೆಲ್. ಚಿನ್ನವಲ್ಲ, ರತ್ನವಲ್ಲ, ಬೆಳ್ಳಿಯ ಚೌಕಟ್ಟಿನೊಳಗೆ ಎರಕದ ಕಬ್ಬಿಣ. ದರ್ಜೆಯ ಭೇದವಿಲ್ಲದೆ ಸೇನಾನಿಗೂ ಸಾಮಾನ್ಯ ಸಿಪಾಯಿಗೂ ದೊರೆಯಬಹುದಾಗಿದ್ದ ಗೌರವ ಅದು. 1870ರಲ್ಲಿ, 1914ರಲ್ಲಿ, 1939ರಲ್ಲಿ ಅದನ್ನು ಮತ್ತೆ ಮತ್ತೆ ಹೊರತರಲಾಯಿತು. ಮೊದಲನೆಯ ಮಹಾಯುದ್ಧವೊಂದರಲ್ಲೇ ಎರಡನೆಯ ದರ್ಜೆಯ ಶಿಲುಬೆ ಸುಮಾರು ಐವತ್ತು ಲಕ್ಷ ಜನರಿಗೆ ಸಂದಿತೆಂದು ಅಂದಾಜು. ಐವತ್ತು ಲಕ್ಷದಲ್ಲಿ ಒಂದನ್ನು ಹಿಡಿದು ‘ಇದು ಯಾರದು’ ಎಂದು ಕೇಳುವುದು ಸುಲಭದ ಕೆಲಸವಲ್ಲ.

ಹೊಸದಾಗಿ ಈ ಹವ್ಯಾಸಕ್ಕೆ ಬಿದ್ದವರು ಮೊದಲು ಮೋಸಹೋಗುವುದು ಅಂಕಿಗಳಿಂದ. ಪದಕದ ಮೇಲೆ ‘800’ ಎಂದಿದ್ದರೆ ಸೈನಿಕನ ಸಂಖ್ಯೆ ಸಿಕ್ಕಿತೆಂದು ಹಿಗ್ಗುತ್ತಾರೆ. ಅದು ಬೆಳ್ಳಿಯ ಶುದ್ಧತೆಯ ಗುರುತು, ಸಾವಿರದಲ್ಲಿ ಎಂಟುನೂರು ಪಾಲು. ನೇತುಹಾಕುವ ಬಳೆಯ ಮೇಲಿರುವ ಸಣ್ಣ ಅಕ್ಷರವೋ ಅಂಕಿಯೋ ಪದಕ ತಯಾರಿಸಿದ ಕಾರ್ಖಾನೆಯದು. ಅವು ಪದಕ ಎಲ್ಲಿ ಹುಟ್ಟಿತೆಂದು ಹೇಳಬಲ್ಲವು, ಯಾರ ಎದೆ ಸೇರಿತೆಂದಲ್ಲ.

ಹಾಗಾದರೆ ಹೆಸರು ಎಲ್ಲಿತ್ತು? ಕಾಗದದಲ್ಲಿ. ಪದಕದ ಜೊತೆಗೆ ಸೈನಿಕನಿಗೆ ಒಂದು ಪ್ರಮಾಣಪತ್ರ ಸಿಗುತ್ತಿತ್ತು. ಅವನ ಸೇನಾ ಪುಸ್ತಕದಲ್ಲಿ, ದಳದ ದಫ್ತರಿನಲ್ಲಿ ಅದರ ನಮೂದು ಇರುತ್ತಿತ್ತು. ಲೋಹ ಮತ್ತು ಕಾಗದ ಒಟ್ಟಿಗಿದ್ದರೆ ತೊಂದರೆಯಿಲ್ಲ. ಆದರೆ ಅಜ್ಜ ತೀರಿಕೊಂಡ ಮೇಲೆ ಪದಕ ಒಬ್ಬ ವ್ಯಾಪಾರಿಯ ಕೈಗೆ, ಕಾಗದ ರದ್ದಿಗೆ ಹೋದರೆ ಎರಡರ ನಂಟು ಕಡಿದಂತೆಯೇ.

ಸರ್ಕಾರದ ದಫ್ತರಗಳಲ್ಲಿ ಹುಡುಕಬಹುದಲ್ಲ ಎಂದರೆ ಅಲ್ಲಿಯೂ ಒಂದು ದುರಂತವಿದೆ. 1945ರ ಏಪ್ರಿಲ್ 14ರ ರಾತ್ರಿ ಬರ್ಲಿನ್ ಪಕ್ಕದ ಪಾಟ್ಸ್‌ಡ್ಯಾಮ್ ಪಟ್ಟಣದ ಮೇಲೆ ಬ್ರಿಟಿಷ್ ವಿಮಾನಗಳು ಬಾಂಬು ಸುರಿಸಿದಾಗ ಅಲ್ಲಿದ್ದ ಸೇನಾ ಪತ್ರಾಗಾರ ಹೊತ್ತಿ ಉರಿಯಿತು. ಪ್ರಷ್ಯಾ ಸೇನೆಯ ದಾಖಲೆಗಳಲ್ಲಿ ಬಹುಪಾಲು ಬೂದಿಯಾದವು. ಆದರೆ 1918ರವರೆಗಿನ ಜರ್ಮನಿ ಹಲವು ರಾಜ್ಯಗಳ ಒಕ್ಕೂಟ. ಬವೇರಿಯಾ, ವುರ್ಟೆಂಬರ್ಗ್‌ನಂಥ ರಾಜ್ಯಗಳು ತಮ್ಮ ಸೈನಿಕರ ಪಟ್ಟಿಗಳನ್ನು ತಾವೇ ಇಟ್ಟುಕೊಂಡಿದ್ದವು. ಮ್ಯೂನಿಕ್ ಮತ್ತು ಸ್ಟುಟ್‌ಗಾರ್ಟ್‌ಗಳಲ್ಲಿ ಅವು ಇಂದಿಗೂ ಇವೆ. ಹೀಗಾಗಿ ಬವೇರಿಯಾದ ರೈತನ ಮಗನನ್ನು ಹುಡುಕುವುದು ಸಾಧ್ಯ, ಬರ್ಲಿನ್ನಿನ ಗುಮಾಸ್ತನ ಮಗನನ್ನು ಹುಡುಕುವುದು ಕಷ್ಟ. ಒಬ್ಬನ ಹೆಸರು ಉಳಿದು ಇನ್ನೊಬ್ಬನದು ಅಳಿಯಲು ಶೌರ್ಯದ ಹೆಚ್ಚುಕಡಿಮೆ ಕಾರಣವಲ್ಲ, ಬಾಂಬು ಬಿದ್ದ ಜಾಗ ಕಾರಣ.

ಒಂಟಿ ಪದಕ ಮೂಕವಾದರೂ ಪದಕಗಳ ಸಾಲು ಮಾತನಾಡುತ್ತದೆ. ಜರ್ಮನ್ ಸೈನಿಕರು ತಮ್ಮ ಪದಕಗಳನ್ನೆಲ್ಲ ರಿಬ್ಬನ್ನುಗಳೊಡನೆ ಒಂದೇ ಪಟ್ಟಿಗೆ ಹೊಲಿಸಿ ಧರಿಸುತ್ತಿದ್ದರು. ಒಂದು ಪಟ್ಟಿಯಲ್ಲಿ ನಾಲ್ಕು ಪದಕಗಳಿವೆ ಎಂದುಕೊಳ್ಳೋಣ. ಮೊದಲನೆಯದು 1914ರ ಕಬ್ಬಿಣದ ಶಿಲುಬೆ. ಲಕ್ಷಾಂತರ ಜನರಿಗೆ ಸಂದದ್ದರಿಂದ ಅದರಿಂದ ಸುಳಿವಿಲ್ಲ. ಎರಡನೆಯದು ಖಡ್ಗಗಳಿರುವ ಬವೇರಿಯಾದ ಸೇನಾ ಗೌರವ, ನಾಲ್ಕನೆಯ ದರ್ಜೆಯದು. ಇದು ಅಧಿಕಾರಿಗಳಿಗೆ ಸಲ್ಲುತ್ತಿದ್ದದ್ದು. ಆದ್ದರಿಂದ ಧರಿಸಿದವನು ಸಾಮಾನ್ಯ ಸಿಪಾಯಿಯಲ್ಲ, ಬಹುಶಃ ಬವೇರಿಯಾ ಸೇನೆಯ ಕಿರಿಯ ಅಧಿಕಾರಿ. ಮೂರನೆಯದು ಹ್ಯಾಂಬರ್ಗ್ ನಗರ ಕೊಡುತ್ತಿದ್ದ ಕೆಂಪು ಶಿಲುಬೆ. ದಕ್ಷಿಣದ ಬವೇರಿಯಾದವನಿಗೆ ಉತ್ತರದ ಬಂದರು ನಗರದ ಪದಕವೆಂದರೆ ಹುಟ್ಟಿನದೋ ವಾಸದ್ದೋ ಸೇವೆಯದೋ ಒಂದು ನಂಟು ಇರಲೇಬೇಕು. ನಾಲ್ಕನೆಯದು 1934ರ ಜುಲೈನಲ್ಲಿ ಸ್ಥಾಪನೆಯಾದ ಮಹಾಯುದ್ಧದ ಗೌರವ ಶಿಲುಬೆ. ಖಡ್ಗಗಳಿದ್ದರೆ ರಣರಂಗದಲ್ಲಿ ಹೋರಾಡಿದವನಿಗೆ, ಇಲ್ಲದಿದ್ದರೆ ಹಿಂದೆ ನಿಂತು ದುಡಿದವನಿಗೆ, ಕಪ್ಪು ಬಣ್ಣದ್ದಾದರೆ ಮಡಿದವನ ವಿಧವೆಗೋ ತಂದೆತಾಯಿಗೋ ಕೊಟ್ಟದ್ದು. ಈ ಪಟ್ಟಿಯಲ್ಲಿ ಖಡ್ಗಗಳಿವೆ. ಅಂದರೆ ನಮ್ಮ ಮನುಷ್ಯ ರಣರಂಗ ಕಂಡವನು, 1934ರಲ್ಲಿ ಬದುಕಿದ್ದವನು.

ಈಗ ಮ್ಯೂನಿಕ್ಕಿನ ಕಡತಗಳ ಮುಂದೆ ಕುಳಿತರೆ ಕೆಲಸ ಜರಡಿ ಹಿಡಿದಂತೆ. ಈ ಮೂರು ಯುದ್ಧಗೌರವಗಳನ್ನೂ ಪಡೆದ ಅಧಿಕಾರಿಗಳು ಯಾರು ಯಾರು? ಅವರಲ್ಲಿ ಯುದ್ಧದಲ್ಲಿ ಸತ್ತವರನ್ನು ತೆಗೆಯಿರಿ, 1934ಕ್ಕೆ ಮುನ್ನ ತೀರಿಕೊಂಡವರನ್ನು ತೆಗೆಯಿರಿ. ಒಬ್ಬನೇ ಉಳಿದರೆ ಹೆಸರು ಸಿಕ್ಕಿತು. ಇಬ್ಬರು ಉಳಿದರೆ ಇಬ್ಬರು ಎಂದೇ ಹೇಳಬೇಕು. ಇಷ್ಟವಾದವನನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಹುಡುಕುವವನಿಗಿಲ್ಲ.

ಬೇರೆ ದಾರಿಗಳೂ ಇವೆ. ಮೊದಲನೆಯ ಯುದ್ಧದಲ್ಲಿ ಮಡಿದವರ, ಗಾಯಗೊಂಡವರ, ಕಾಣೆಯಾದವರ ಹೆಸರುಗಳನ್ನು ಜರ್ಮನ್ ಸರ್ಕಾರ ಅಂದೇ ಅಚ್ಚು ಹಾಕಿಸುತ್ತಿತ್ತು. ಮೂವತ್ತು ಸಾವಿರಕ್ಕೂ ಮೀರಿದ ಆ ಪುಟಗಳು ಇಂದು ಕಂಪ್ಯೂಟರಿನಲ್ಲಿ ಹೆಸರು ಹಿಡಿದು ಹುಡುಕಲು ಸಿಗುತ್ತವೆ. ಎರಡನೆಯ ಯುದ್ಧದ ಸೈನಿಕರಿಗಾಗಿ 1939ರಲ್ಲಿ ಆರಂಭವಾದ ಮಾಹಿತಿ ಕಚೇರಿಯ ದಾಖಲೆಗಳು 2019ರಿಂದ ಜರ್ಮನಿಯ ರಾಷ್ಟ್ರೀಯ ಪತ್ರಾಗಾರದ ವಶದಲ್ಲಿವೆ. ಆದರೆ ಇವೆಲ್ಲ ನೆರವಾಗುವುದು ಕೈಯಲ್ಲಿ ಒಂದು ಹೆಸರಿದ್ದಾಗ. ಬರಿಯ ಲೋಹದಿಂದ ಹೊರಟವನಿಗೆ ಇವು ಕೊನೆಯ ಮೆಟ್ಟಿಲು, ಮೊದಲನೆಯದಲ್ಲ.

ಕೆಲವರು ತಮ್ಮ ಪದಕದ ಹಿಂಬದಿಯಲ್ಲಿ ಸ್ವಂತ ಖರ್ಚಿನಿಂದ ಹೆಸರು, ದಿನಾಂಕ ಕೆತ್ತಿಸಿಕೊಂಡದ್ದುಂಟು. ಅಂಥದ್ದು ಸಿಕ್ಕಾಗ ಸಂತೋಷಕ್ಕಿಂತ ಮೊದಲು ಅನುಮಾನ ಬರಬೇಕು. ಹೆಸರಿರುವ ಪದಕಕ್ಕೆ ಬೆಲೆ ಹೆಚ್ಚು, ಹೆಸರಾಂತ ವೀರನದಾದರೆ ಇನ್ನೂ ಹೆಚ್ಚು. ಹೀಗಿರುವಾಗ ಹಳೆಯ ಪದಕದ ಮೇಲೆ ಹೊಸ ಕೆತ್ತನೆ ಮಾಡುವ ಕೈಗಳಿಗೆ ಕೊರತೆಯಿಲ್ಲ. ಗೀರಿನೊಳಗೆ ಸುತ್ತಲಿನ ಲೋಹದಷ್ಟೇ ಹಳೆಯ ಮಾಸಲು ಬಣ್ಣ ಇದೆಯೇ, ಆ ಹೆಸರಿನ ಸೈನಿಕ ಆ ದಿನ ಆ ದಳದಲ್ಲಿದ್ದನೇ ಎಂದು ಕಾಗದದೊಡನೆ ತಾಳೆ ನೋಡದೆ ನಂಬುವಂತಿಲ್ಲ.

ಇನ್ನು ಎರಡನೆಯ ಪ್ರಶ್ನೆ. ಇಷ್ಟೆಲ್ಲ ಶ್ರಮ ಏಕೆ? ಸೋತ ಸೇನೆಯ, ಅದೂ ಮುಂದೆ ಹಿಟ್ಲರನ ಕೈಗೆ ಸಿಕ್ಕ ದೇಶದ ಪದಕಗಳ ಒಡೆಯರು ಯಾರಾದರೇನು ಎಂದು ಕೇಳಬಹುದು. ಉತ್ತರ ಆ ಗೌರವ ಶಿಲುಬೆಯಲ್ಲೇ ಇದೆ.

ಮೊದಲನೆಯ ಯುದ್ಧದಲ್ಲಿ ಸುಮಾರು ಒಂದು ಲಕ್ಷ ಜರ್ಮನ್ ಯಹೂದಿಗಳು ಹೋರಾಡಿದರು. ಸುಮಾರು ಹನ್ನೆರಡು ಸಾವಿರ ಮಂದಿ ಮಡಿದರು. ಆದರೂ ಅವರು ರಣರಂಗದಿಂದ ನುಣುಚಿಕೊಳ್ಳುತ್ತಾರೆಂಬ ಅಪಪ್ರಚಾರ ಹಬ್ಬಿತು. 1916ರಲ್ಲಿ ಸೇನೆಯೇ ಅವರ ತಲೆಯೆಣಿಕೆ ನಡೆಸಿತು. ಆದರೆ ಯುದ್ಧ ನಡೆದಿರುವಾಗ ಅದರ ಫಲಿತಾಂಶವನ್ನು ಪ್ರಕಟಿಸಲಿಲ್ಲ. ಅಪವಾದ ಹಾಗೆಯೇ ಉಳಿಯಿತು. ಅದಕ್ಕೆ ಯಹೂದಿ ಮಾಜಿ ಸೈನಿಕರ ಸಂಘ 1932ರಲ್ಲಿ ಕೊಟ್ಟ ಉತ್ತರ ವಾದವಲ್ಲ, ಹೆಸರು: ಮಡಿದ ಹತ್ತು ಸಾವಿರಕ್ಕೂ ಹೆಚ್ಚು ಜನರ ಪಟ್ಟಿಯನ್ನು ಪುಸ್ತಕವಾಗಿ ಹೊರತಂದಿತು.

ಎರಡು ವರ್ಷದ ಮೇಲೆ ಬಂದ ಗೌರವ ಶಿಲುಬೆ ಬದುಕುಳಿದ ಯಹೂದಿ ಸೈನಿಕರಿಗೂ ಸಂದಿತು, ಹಿಟ್ಲರನ ಸರ್ಕಾರದ ಮೊಹರಿನೊಂದಿಗೆ. ಅದೇ ಸರ್ಕಾರ 1935ರಲ್ಲಿ ಕಾನೂನು ತಂದು ಅವರ ನಾಗರಿಕ ಹಕ್ಕುಗಳನ್ನು ಕಿತ್ತುಕೊಂಡಿತು. 1942ರ ಜನವರಿ 20ರಂದು ಬರ್ಲಿನ್ನಿನ ವಾನ್ಸೀಯಲ್ಲಿ ಯಹೂದಿಗಳ ಸಂಹಾರದ ಬಗ್ಗೆ ನಡೆದ ಸಭೆಯ ದಾಖಲೆಯಲ್ಲಿ, ಯುದ್ಧದಲ್ಲಿ ತೀವ್ರವಾಗಿ ಗಾಯಗೊಂಡವರನ್ನೂ ಮೊದಲ ದರ್ಜೆಯ ಕಬ್ಬಿಣದ ಶಿಲುಬೆ ಪಡೆದವರನ್ನೂ ಟೆರೆಸಿಯೆನ್‌ಸ್ಟಾಟ್‌ಗೆ ಕಳಿಸಬೇಕೆಂಬ ಮಾತು ಇದೆ. ಅದು ರಿಯಾಯಿತಿಯಂತೆ ಕಂಡಿತು. ಆದರೆ ಅಲ್ಲಿ ಸಾವಿರಾರು ಜನ ಹಸಿವು ರೋಗಗಳಿಂದ ಸತ್ತರು, ಸಾವಿರಾರು ಜನರನ್ನು ಅಲ್ಲಿಂದ ಆಶ್ವಿತ್ಸ್‌ಗೆ ಸಾಗಿಸಲಾಯಿತು.

ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿರುವ ಶಿಲುಬೆ ಅಂಥವನೊಬ್ಬನದಾಗಿರಬಹುದು. ಅಥವಾ ಅವನನ್ನು ರೈಲಿಗೆ ಹತ್ತಿಸಿದವನದಾಗಿರಬಹುದು. ಲೋಹ ಇಬ್ಬರಿಗೂ ಒಂದೇ. ಬೇರೆ ಮಾಡಿ ತೋರಿಸಬಲ್ಲದ್ದು ಹೆಸರು ಮಾತ್ರ. ಅದಕ್ಕಾಗಿಯೇ ಹೆಸರನ್ನು ಹುಡುಕಬೇಕು, ಅದಕ್ಕಾಗಿಯೇ ಸುಳ್ಳು ಹೆಸರನ್ನು ಅಂಟಿಸಬಾರದು. ತಪ್ಪಾಗಿ ಇಟ್ಟ ಒಂದು ಹೆಸರು ಒಬ್ಬನಿಗೆ ಸಲ್ಲದ ಗೌರವವನ್ನೋ ಕಳಂಕವನ್ನೋ ಹೊರಿಸುತ್ತದೆ, ಸರಿಯಾದವನನ್ನು ಇನ್ನೊಮ್ಮೆ ಮರೆಸುತ್ತದೆ. ಹುಡುಕಿ ಹುಡುಕಿ ಸಿಗದಿದ್ದರೆ, ‘ಒಡೆಯ ಯಾರೆಂದು ತಿಳಿಯದು’ ಎಂದು ಚೀಟಿ ಬರೆದು ಪದಕದ ಪಕ್ಕದಲ್ಲಿಡುವುದೇ ಆ ಸೈನಿಕನಿಗೆ ತೋರುವ ಮರ್ಯಾದೆ. ಮುಂದೆ ಯಾವುದೋ ಮನೆಯ ಅಟ್ಟದಿಂದ ಒಂದು ಹಳೆಯ ಕಾಗದ ಹೊರಬಂದಾಗ, ಆ ಖಾಲಿ ಜಾಗ ಅವನ ಹೆಸರಿಗಾಗಿ ಕಾದಿರುತ್ತದೆ.