ಆಟದ ಬಯಲಿನಲ್ಲಿ ಪರಭಾಷೆ

 

ಉದ್ದಾನ ಶಿವಯೋಗಿಗಳು 1917ರಲ್ಲಿ ಕ್ಯಾತ್ಸಂದ್ರದ ಈ ಸಿದ್ಧಗಂಗಾ ಕ್ಷೇತ್ರದಲ್ಲಿ ಸಂಸ್ಕೃತ ಪಾಠಶಾಲೆಯನ್ನು ತೆರೆದರು. ಮನೆಯಲ್ಲಿ ಕೇಳದ ಭಾಷೆಯೊಂದು ಹಳ್ಳಿಯ ಬಾಲಕರಿಗೆ ಅನ್ನ, ಆಶ್ರಯ, ನಿಯಮದ ದಿನಚರಿಗಳೊಡನೆ ದೊರೆಯಿತು. ಫ್ರೆಂಚ್ ಭಾಷೆಯನ್ನೂ ಹೀಗೆಯೇ ಬಾಳಿನೊಡನೆ ಕೂಡಿಸಿ ಕಲಿಸಬಹುದೆಂದು ನನ್ನ ಅರಿಕೆ.

ಫ್ರೆಂಚ್ ಏತಕ್ಕೆ? ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು 1894ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿತು. ಅದರ ನಿಬಂಧನೆಗಳಲ್ಲಿ ಫ್ರೆಂಚಿಗೂ ಇಂಗ್ಲಿಷಿಗೂ ಭೇದ ಕಂಡರೆ ಹಿಂದೆ ಬಹುಕಾಲ ಫ್ರೆಂಚ್ ಪಾಠವೇ ಪ್ರಮಾಣವಾಗಿತ್ತು. ಬೆಳಗಾವಿಯ ಫಡೆಪ್ಪ ಚೌಗುಲೆಯವರು 1920ರಲ್ಲಿ ಆಂಟ್ವರ್ಪಿನ ಒಲಿಂಪಿಕ್ ಮ್ಯಾರಥಾನಿನಲ್ಲಿ 19ನೆಯವರಾಗಿ ಗುರಿ ಮುಟ್ಟಿದರು. ನಮ್ಮ ಮಕ್ಕಳಲ್ಲಿ ಒಬ್ಬನು ನಾಳೆ ಅಂತಹ ಬಯಲಿಗೆ ಹೋದಾಗ, ಕಾಲು ಮುಂದಾಗಿ ನಾಲಗೆ ಹಿಂಜರಿಯಬಾರದು.

ಪಾಠದ ಕೋಣೆಯಲ್ಲಿ ತಪ್ಪಿದರೆ ನಕ್ಕಾರೆಂದು ಮಗು ಬಾಯಿ ಮುಚ್ಚುತ್ತದೆ. ಆಟದಲ್ಲಿ ಆ ಭಯವಿಲ್ಲ. ಫ್ರೆಂಚಿನಲ್ಲಿ ‘ಸೋತೆ’ ಎಂದರೆ ‘ನೆಗೆಯಿರಿ’ ಎಂದರ್ಥ. ‘ಸೋತೆ’ ಎಂಬ ಕೂಗಿಗೆ ನೆಗೆದು ಗೆದ್ದ ಬಾಲಕನು ಆ ಪದವನ್ನು ಮರೆಯುವನೇ? ಬಾಯಾರಿ ಬಂದವನು ‘ಓ’ ಎನ್ನಲಿ. ಫ್ರೆಂಚರಿಗೆ ಅದೇ ನೀರು. ಕೈ ತೊಳೆಯುವಾಗ ಒಂದು ಪದ, ಪ್ರಸಾದಕ್ಕೆ ಕುಳಿತಾಗ ಒಂದು ಪದ. ದಿನಕ್ಕೆ ಇಷ್ಟೇ ಸಾಕು.

ಕನ್ನಡದ ಬೇರು ಗಟ್ಟಿಯಾಗಿರಲಿ. ಬೇಗನೆ ಏಳುವುದು, ಮೈಬಗ್ಗಿಸಿ ದುಡಿಯುವುದು, ಮಿತವಾಗಿ ಉಣ್ಣುವುದು, ಮನದಣಿಯೆ ಆಡುವುದು, ಇವುಗಳಿಂದ ದೇಹವು ದೃಢವಾಗಲಿ. ಬಡವರ ಮಗುವಿನ ಅಂಜಿಕೆಯನ್ನು ಕಳೆಯುವುದೂ ದಾಸೋಹವೇ ಅಲ್ಲವೇ? ಅಂಜಿಕೆ ಕಳೆದೆಡೆಗೆ ಭಾಷೆಯು ತಾನಾಗಿ ಬರುವುದು.